‘ಬರಬಹುದು’ ಮತ್ತು ‘ಬಂದೀತು’: ಚಲಿಸುವ ವಸ್ತುಗಳ ಡೇಟಾಬೇಸನ್ನು ಕಥನವಾಗಿ ಓದುವುದು

  

ಶೀರ್ಷಿಕೆ ನೋಡಿ ಕೆಲವರು ನಿನ್ನೆಯೇ ಕೇಳಿದರು, ಕನ್ನಡ ಎಂ.ಎ. ಓದೋಳಿಗೆ ಡೇಟಾಬೇಸ್ ಯಾಕೆ ಅಂತ. ನಾನು ಇಲ್ಲಿ ಕಂಪ್ಯೂಟರ್ ಪಾಠ ಮಾಡಲು ಬಂದಿಲ್ಲ. ನಾನು ಮಾಡುವುದು ಓದು. ಓದಿಗೆ ಎತ್ತಿಕೊಂಡಿರುವ ಪಠ್ಯ ಕಾವ್ಯವಲ್ಲ, ಕಾದಂಬರಿಯಲ್ಲ, ಅಷ್ಟೇ. ಚಲಿಸುವ ವಸ್ತುಗಳನ್ನು ಡೇಟಾಬೇಸಿನಲ್ಲಿ ಹೇಗೆ ಇಡಬೇಕು, ಇಟ್ಟ ಮೇಲೆ ಅದನ್ನು ಏನೇನು ಪ್ರಶ್ನೆ ಕೇಳಬಹುದು ಎಂದು ಸುಮಾರು 30 ವರ್ಷದಿಂದ ಬೆಳೆದುಬಂದ ಒಂದು ಬರವಣಿಗೆ ಇದೆ. ಪ್ರಸಾದ್ ಸಿಸ್ಲಾ, ಔರಿ ವುಲ್ಫ್‌ಸನ್ ಮತ್ತು ಜೊತೆಗಾರರು 1997ರಲ್ಲಿ ಬರೆದ ಪ್ರಬಂಧ, ರಾಲ್ಫ್ ಹಾರ್ಟ್‌ಮುಟ್ ಗ್ಯುಟಿಂಗ್ ಮತ್ತು ಮಾರ್ಕುಸ್ ಶ್ನೈಡರ್ 2005ರಲ್ಲಿ ತಂದ ‘ಮೂವಿಂಗ್ ಆಬ್ಜೆಕ್ಟ್ಸ್ ಡೇಟಾಬೇಸಸ್’ ಪುಸ್ತಕ, ಬ್ರಸೆಲ್ಸ್‌ನಲ್ಲಿ ಎಸ್ತೆಬಾನ್ ಸಿಮಾನ್ಯಿ ಅವರ ತಂಡ ಕಟ್ಟಿದ ‘ಮೊಬಿಲಿಟಿಡಿಬಿ’ ಎಂಬ ತಂತ್ರಾಂಶ ಇವು ಆ ಬರವಣಿಗೆಯಲ್ಲಿ ಮುಖ್ಯವಾದವು. ಇವನ್ನು ನಾನು ಚಲನೆಯ ವ್ಯಾಕರಣಗಳು ಅಂತ ಓದಿದೆ.

ಓದಲು ಕಾರಣ ಊರು. ನಾನು ದೇಂಕಣಿಕೋಟೆ ಕಡೆಯವಳು. ನಮ್ಮಲ್ಲಿ ರಾಗಿ ತೆನೆ ಬಲಿಯುವ ಹೊತ್ತಿಗೆ ಬನ್ನೇರುಘಟ್ಟದ ಕಡೆಯಿಂದ ತಳಿ, ಜವಳಗಿರಿ ಕಾಡು ಹಿಡಿದು ಆನೆಹಿಂಡು ಇಳಿಯುತ್ತದೆ. ಕೆಲವು ಸಾನಮಾವು ಕಾಡಿನಲ್ಲಿ ನಿಲ್ಲುತ್ತವೆ, ಕೆಲವು ಶೂಲಗಿರಿ, ಕೃಷ್ಣಗಿರಿ ದಾಟಿ ಆಂಧ್ರದ ಗಡಿಯವರೆಗೂ ಹೋಗುತ್ತವೆ. ಆ ಮೂರು ನಾಲ್ಕು ತಿಂಗಳು ನಮ್ಮ ಮನೆಗಳಲ್ಲಿ ಸಂಜೆಯ ಮೊದಲ ಪ್ರಶ್ನೆ ಒಂದೇ: ಆನೆ ಎಲ್ಲಿದೆ? ತಾಂತ್ರಿಕ ಭಾಷೆಯಲ್ಲಿ ಇದೊಂದು ಕ್ವೆರಿ. ಇದಕ್ಕೆ ಬರುವ ಉತ್ತರವನ್ನು ನಂಬಿ ಜನ ರಾತ್ರಿ ಕಣದಲ್ಲಿ ಮಲಗುತ್ತಾರೆ, ಇಲ್ಲವೇ ಮನೆಗೆ ಬರುತ್ತಾರೆ. ಉತ್ತರ ತಪ್ಪಿದರೆ ಜೀವ ಹೋಗುತ್ತದೆ, ಹೋಗಿದೆ ಕೂಡ. ಹಾಗಾಗಿ ಇದು ನನಗೆ ಬರೀ ಸಿದ್ಧಾಂತದ ಮಾತಲ್ಲ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಚಲನೆಯನ್ನು ಪೂರ್ತಿಯಾಗಿ ಯಾರೂ ದಾಖಲಿಸಲಾರರು. ದಾಖಲೆ ಇರುವುದು ಕೆಲವು ಗಳಿಗೆಗಳಿಗೆ ಮಾತ್ರ, ಉಳಿದದ್ದು ಖಾಲಿ. ಆ ಖಾಲಿ ಜಾಗದಲ್ಲಿ ಏನು ತುಂಬುತ್ತೇವೆ ಅನ್ನುವುದು ಕಥನದ ತೀರ್ಮಾನ, ಅದನ್ನು ಎಂಜಿನಿಯರ್ ಮಾಡಲಿ, ಬೇಟೆಗಾರ ಮಾಡಲಿ, ರೈತ ಮಾಡಲಿ. ಡೇಟಾಬೇಸ್ ಆ ತೀರ್ಮಾನವನ್ನು ಗಣಿತದ ಹಿಂದೆ ಇಟ್ಟಿದೆ. ಅದನ್ನು ಹೊರಗೆ ತಂದು ನೋಡಿದರೆ ಅದಕ್ಕೆ ಗೊತ್ತಿಲ್ಲದ ಒಂದು ಕ್ರಿಯಾರೂಪ ಕನ್ನಡದಲ್ಲಿ ಇರುವುದು ಕಾಣುತ್ತದೆ.

1997ರ ಪ್ರಬಂಧದಿಂದ ಶುರು ಮಾಡೋಣ. ಸಾಮಾನ್ಯ ಡೇಟಾಬೇಸ್ ಅಂದರೆ ನಮ್ಮ ವಿಭಾಗದ ಅಂಕಪಟ್ಟಿ ಇದ್ದ ಹಾಗೆ. ಯಾರಾದರೂ ಬಂದು ತಿದ್ದುವವರೆಗೂ ಬರೆದದ್ದು ಬರೆದ ಹಾಗೇ ಇರುತ್ತದೆ. ಓಡುವ ಬಸ್ಸಿಗೆ ಈ ಕ್ರಮ ಒಗ್ಗುವುದಿಲ್ಲ. ಬಸ್ಸಿನ ಜಾಗವನ್ನು ಬರೆದು ಮುಗಿಸುವಷ್ಟರಲ್ಲಿ ಅದು ಸುಳ್ಳಾಗಿರುತ್ತದೆ. ಕ್ಷಣಕ್ಷಣಕ್ಕೂ ತಿದ್ದುತ್ತಾ ಕೂತರೆ ಕಂಪ್ಯೂಟರಿಗೆ ಬೇರೆ ಕೆಲಸ ಮಾಡಲು ಪುರಸೊತ್ತಿಲ್ಲ. ಸಿಸ್ಲಾ, ವುಲ್ಫ್‌ಸನ್ ಕೊಟ್ಟ ಉಪಾಯ ಸರಳ: ಜಾಗವನ್ನು ಇಡಬೇಡಿ, ಜಾಗ ಹೇಗೆ ಬದಲಾಗುತ್ತದೆ ಅನ್ನುವ ಸೂತ್ರವನ್ನು ಇಡಿ. ಹೊರಟ ಜಾಗ, ಹೊರಟ ಹೊತ್ತು, ದಿಕ್ಕು, ವೇಗ. ಆಮೇಲೆ ಯಾರೂ ಮುಟ್ಟದಿದ್ದರೂ ಉತ್ತರ ತಾನೇ ಬದಲಾಗುತ್ತಾ ಹೋಗುತ್ತದೆ. ಐದು ಗಂಟೆಗೆ ಕೇಳಿದರೆ ಒಂದು ಉತ್ತರ, ಐದೂವರೆಗೆ ಕೇಳಿದರೆ ಇನ್ನೊಂದು. ಇನ್ನೂ ಆಗದ ಆರು ಗಂಟೆಯ ಬಗ್ಗೆಯೂ ಕೇಳಬಹುದು.

ಇದರ ಜೊತೆಗೆ ಬಂದ ಇನ್ನೊಂದು ನಿಯಮ ನನಗೆ ತುಂಬಾ ಹಿಡಿಸಿತು. ಗಾಡಿ ತನ್ನ ಸೂತ್ರದ ಪ್ರಕಾರವೇ ಹೋಗುತ್ತಿದ್ದರೆ ಏನೂ ವರದಿ ಮಾಡಬೇಕಾಗಿಲ್ಲ. ಅಂದುಕೊಂಡ ಜಾಗಕ್ಕೂ ನಿಜವಾದ ಜಾಗಕ್ಕೂ ಅಂತರ ಒಂದು ಮಿತಿ ದಾಟಿದಾಗ ಮಾತ್ರ ಸುದ್ದಿ ಕಳಿಸಬೇಕು. ಅಂದರೆ ಸುದ್ದಿ ಬಾರದಿರುವುದೂ ಒಂದು ಸುದ್ದಿ: ಎಲ್ಲ ಎಣಿಸಿದಂತೆ ನಡೆದಿದೆ. ಗಮನಿಸಿ, ಕತೆ ಹೇಳುವವರು ಮಾಡುವುದೂ ಇದೇ. ‘ಹೊಸೂರಿಂದ ಬಸ್ ಹತ್ತಿದೆ, ಅತ್ತಿಬೆಲೆಯಲ್ಲಿ ನೋಡ್ತೀನಿ...’ ಅಂತ ಶುರುಮಾಡಿದರೆ ನಡುವಿನ ದಾರಿ ಎಲ್ಲೂ ಇಲ್ಲ, ಯಾಕಂದರೆ ಅಲ್ಲಿ ಎಣಿಕೆ ಮುರಿಯಲಿಲ್ಲ.

ಆದರೆ ಈ ನಿಯಮ ನಡೆಯುವುದು ವಸ್ತು ತಾನೇ ವರದಿ ಮಾಡಲು ಒಪ್ಪಿಕೊಂಡಾಗ. ಬಸ್ಸಿಗೆ ತನ್ನ ವೇಳಾಪಟ್ಟಿ ಗೊತ್ತು. ಆನೆಗೆ ಗೊತ್ತಿಲ್ಲ. ನಮ್ಮ ಊರುಗಳಲ್ಲಿ ಸುದ್ದಿ ಬರಲಿಲ್ಲ ಅಂದರೆ ಆನೆ ಎಣಿಸಿದ ಜಾಗದಲ್ಲೇ ಇದೆ ಅಂತಲೂ ಆಗಬಹುದು, ನೋಡಿದವರಿಲ್ಲ ಅಂತಲೂ ಆಗಬಹುದು, ಟವರ್ ಸಿಗಲಿಲ್ಲ ಅಂತಲೂ ಆಗಬಹುದು.

ಇನ್ನು ಗ್ಯುಟಿಂಗ್ ಮತ್ತು ಶ್ನೈಡರ್. ಇವರು ಭವಿಷ್ಯಕ್ಕಿಂತ ಚರಿತ್ರೆಯ ಕಡೆ ವಾಲಿದವರು. ನಡೆದುಹೋದ ಇಡೀ ಚಲನೆಯನ್ನೇ ಒಂದು ಮೌಲ್ಯವಾಗಿ, ಒಂದು ಅಂಕಿಯಷ್ಟೇ ಸಲೀಸಾಗಿ, ಪಟ್ಟಿಯ ಒಂದು ಮನೆಯಲ್ಲಿ ಇಡಬಹುದು ಎಂದು ತೋರಿಸಿದರು. ಅದಕ್ಕಾಗಿ ಚಲನೆಯನ್ನು ಕಾಲದ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿಗೂ ಒಂದು ಸರಳ ಸೂತ್ರ ಕೊಡುತ್ತಾರೆ. ಆರರಿಂದ ಏಳು ಹೀಗೆ, ಏಳರಿಂದ ಎಂಟು ಹೀಗೆ. ತುಂಡುಗಳು ಒಂದರ ಮೇಲೊಂದು ಬೀಳಬಾರದು. ನಡುವೆ ತುಂಡೇ ಇಲ್ಲದ ಹೊತ್ತು ಇದ್ದರೆ ಆ ಹೊತ್ತಿನ ಪ್ರಶ್ನೆಗೆ ಉತ್ತರವಿಲ್ಲ.

ಇದನ್ನು ಓದುವಾಗ ಮಲೆ ಮಾದೇಶ್ವರ ಕಾವ್ಯದ ‘ಸಾಲು’ಗಳು ನೆನಪಾದವು. ಮಾದಪ್ಪ ಕೂಡ ಚಲಿಸುವ ವಸ್ತುವೇ. ಉತ್ತರ ದೇಶದಿಂದ ಹೊರಟು, ಕುಂತೂರು ಮಠಕ್ಕೆ ಬಂದು, ಕೊನೆಗೆ ಎಪ್ಪತ್ತೇಳು ಮಲೆಯಲ್ಲಿ ನೆಲೆ ನಿಲ್ಲುವವನು. ಆ ದೀರ್ಘ ಚಲನೆಯನ್ನು ದೇವರಗುಡ್ಡರು ಸಾಲುಗಳಾಗಿ ಹಂಚಿಕೊಂಡಿದ್ದಾರೆ: ಶ್ರವಣದೊರೆಯ ಸಾಲು, ಸಂಕಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಸರಗೂರಯ್ಯನ ಸಾಲು. ಇಲ್ಲಿ ತುಂಡಿಗೆ ಹೆಸರು ಕೊಟ್ಟದ್ದು ಕಾಲವಲ್ಲ, ಅವನು ಎದುರಾದ ಮನುಷ್ಯರು. ಗ್ಯುಟಿಂಗ್ ಕೇಳುವುದು ‘ಏಳು ಗಂಟೆಗೆ ಎಲ್ಲಿದ್ದ?’ ಅಂತ, ಕಂಸಾಳೆಯವರನ್ನು ಕೇಳಬಹುದಾದದ್ದು ‘ಸಂಕಮ್ಮನ ಹತ್ತಿರ ಬಂದಾಗ ಏನಾಯ್ತು?’ ಅಂತ. ಮೊದಲನೆಯ ಪ್ರಶ್ನೆಗೆ ಕಾವ್ಯ ಉತ್ತರ ಕೊಡುವುದಿಲ್ಲ, ಎರಡನೆಯದಕ್ಕೆ ಡೇಟಾಬೇಸ್ ಕೊಡುವುದಿಲ್ಲ. ಏನನ್ನು ಕೀಲಿಯಾಗಿ ಇಟ್ಟುಕೊಂಡು ಕತ್ತರಿಸಿದ್ದೇವೋ ಅದೇ ಆಮೇಲೆ ಕೇಳಬಹುದಾದ ಪ್ರಶ್ನೆಯ ಮೇರೆಯಾಗುತ್ತದೆ. ಈ ಹೋಲಿಕೆಯನ್ನು ಇದಕ್ಕಿಂತ ಹೆಚ್ಚು ಎಳೆಯುವುದಿಲ್ಲ. ಜನಪದ ಕಾವ್ಯದಲ್ಲಿ ಎಲ್ಲ ವಿಜ್ಞಾನವೂ ಮೊದಲೇ ಇತ್ತು ಅನ್ನುವ ಧಾಟಿಯ ಪ್ರಬಂಧಗಳು ನಮ್ಮಲ್ಲಿ ಸಾಕಷ್ಟು ಬಂದಿವೆ.

ಈಗ ಖಾಲಿ ಜಾಗದ ವಿಷಯ. ಮೊಬಿಲಿಟಿಡಿಬಿಯಲ್ಲಿ ಒಂದು ಸಣ್ಣ ಆಯ್ಕೆ ಇದೆ. ಎರಡು ದಾಖಲೆಗಳ ನಡುವೆ ಏನಾಯಿತು ಅಂತ ಭಾವಿಸಬೇಕು ಅನ್ನುವುದನ್ನು ಬಳಸುವವರು ಹೇಳಬೇಕು. ಅದಕ್ಕೆ ಮೂರು ದಾರಿ. ಒಂದು, ಬಿಡಿಬಿಡಿ: ದಾಖಲಾದ ಗಳಿಗೆಗಳಷ್ಟೇ ನಿಜ, ನಡುವೆ ಏನೂ ಗೊತ್ತಿಲ್ಲ. ಎರಡು, ಮೆಟ್ಟಿಲು: ಮುಂದಿನ ಸುದ್ದಿ ಬರುವವರೆಗೂ ಹಳೆಯ ಜಾಗವೇ. ಮೂರು, ಸರಳರೇಖೆ: ಒಂದು ಬಿಂದುವಿನಿಂದ ಇನ್ನೊಂದಕ್ಕೆ ಒಂದೇ ವೇಗದಲ್ಲಿ ನೇರವಾಗಿ ಹೋಯಿತು. ಚಲಿಸುವ ಬಿಂದುವಿಗೆ ನಾವೇನೂ ಹೇಳದಿದ್ದರೆ ತಂತ್ರಾಂಶ ಸರಳರೇಖೆಯನ್ನೇ ಹಿಡಿಯುತ್ತದೆ. ಇವು ನನಗೆ ಮೂರು ಕಥನಕ್ರಮಗಳಾಗಿ ಕಂಡವು. ವಿಶೇಷ ಅಂದರೆ ಮೂರಕ್ಕೂ ನಮ್ಮ ಊರಿನ ನೆಲದಲ್ಲೇ ಉದಾಹರಣೆ ಇದೆ.

ಬಿಡಿಬಿಡಿ ಕ್ರಮದ್ದು ಕೆನೆತ್ ಆಂಡರ್ಸನ್. ಅವನ ಮೊದಲ ಪುಸ್ತಕ 1954ರದು. ಅದರಲ್ಲೇ ಜವಳಗಿರಿಯ ನರಭಕ್ಷಕ ಹುಲಿ, ಗುಮ್ಮಳಾಪುರದ ಚಿರತೆ ಎರಡೂ ಇವೆ. ನಮ್ಮ ತಾಲ್ಲೂಕಿನ ಹಳ್ಳಿಗಳು ಲೋಕದ ಓದುಗರಿಗೆ ಗೊತ್ತಾದದ್ದು ಹೀಗೆ, ಮನುಷ್ಯರನ್ನು ತಿನ್ನುವ ಪ್ರಾಣಿಗಳ ವಿಳಾಸವಾಗಿ. ತೇಜಸ್ವಿ ‘ಕಾಡಿನ ಕತೆಗಳು’ ಮಾಲೆಯಲ್ಲಿ ಆಂಡರ್ಸನ್ನನನ್ನು ಕನ್ನಡಕ್ಕೆ ತಂದ ಮೇಲೆ ನಾವೆಲ್ಲ ಅವನನ್ನು ತೇಜಸ್ವಿಯ ದನಿಯಲ್ಲೇ ಓದಿದ್ದೇವೆ. ಈ ಕತೆಗಳಲ್ಲಿ ಪ್ರಾಣಿ ಎಲ್ಲಿದೆ ಅಂತ ಗೊತ್ತಾಗುವುದು ಬಹುಮಟ್ಟಿಗೆ ಅದು ಕೊಂದಾಗ. ಒಂದು ಸಾವು ಅಂದರೆ ಒಂದು ದಾಖಲೆ: ಇಂಥ ದಿನ, ಇಂಥ ಊರು. ಎರಡು ಸಾವುಗಳ ನಡುವೆ ಹುಲಿ ಇಲ್ಲವೇ ಇಲ್ಲ. ಭಯ ಇದೆ, ಬಾಗಿಲು ಹಾಕಿದ ಹಳ್ಳಿ ಇದೆ, ಕಾದು ಕೂತ ಬೇಟೆಗಾರ ಇದ್ದಾನೆ. ಖಾಲಿ ಜಾಗವನ್ನು ತುಂಬದೆ ಹಾಗೇ ಬಿಟ್ಟದ್ದರಿಂದಲೇ ಆ ಕತೆಗಳು ನಮ್ಮನ್ನು ಹಿಡಿದು ಕೂರಿಸುತ್ತವೆ. ಇದು ಕಥನವಾಗಿ ಗೆಲ್ಲುತ್ತದೆ. ಮಾಹಿತಿಯಾಗಿ ಇದರ ಬೆಲೆ ಭೀಕರ, ಏಕೆಂದರೆ ಇನ್ನೊಬ್ಬರು ಸತ್ತರೆ ಮಾತ್ರ ಹೊಸ ಸಾಲು ಸೇರುತ್ತದೆ. ಆ ಸತ್ತವರು ಕತೆಯಲ್ಲಿ ಬಹಳ ಸಲ ಬರೀ ಬಿಂದುಗಳಾಗಿಯೇ ಉಳಿಯುತ್ತಾರೆ ಅನ್ನುವುದು ನನ್ನ ತಕರಾರು.

ಮೆಟ್ಟಿಲು ಕ್ರಮದ್ದು ವಾಟ್ಸ್ಆ್ಯಪ್. ‘ಸಾನಮಾವು ಕಾಡಿನಲ್ಲಿ ಆನೆ ಇದೆ, ಯಾರೂ ಆ ಕಡೆ ಹೋಗಬೇಡಿ.’ ಈ ಸಾಲು ಬೆಳಿಗ್ಗೆ ಒಂದು ಗುಂಪಿನಲ್ಲಿ ಹುಟ್ಟಿ ರಾತ್ರಿಯವರೆಗೂ ಇನ್ನೊಂದು ಗುಂಪಿಗೆ ದಾಟುತ್ತಲೇ ಇರುತ್ತದೆ. ಮುಂದಿನ ಸಂದೇಶ ಬರುವವರೆಗೂ ಆನೆ ಸಾನಮಾವಿನಲ್ಲೇ. ಫಾರ್ವರ್ಡ್ ಆದಾಗಲೆಲ್ಲ ‘ಇದೆ’ ಅನ್ನುವ ವರ್ತಮಾನ ಮತ್ತೆ ಹೊಸದಾಗುತ್ತದೆ. ಬಾಯಿಮಾತಿನಲ್ಲಾದರೆ ಕನ್ನಡ ಇದಕ್ಕೆ ಬಿಡುವುದಿಲ್ಲ. ನಮ್ಮ ದೊಡ್ಡಮ್ಮ ಅದೇ ಸುದ್ದಿಯನ್ನು ದಾಟಿಸುವಾಗ ‘ಸಾನಮಾವಿನಲ್ಲಿ ಆನೆ ಇತ್ತಂತೆ’ ಅನ್ನುತ್ತಾರೆ. ಆ ‘ಅಂತೆ’ಯಲ್ಲಿ ಎರಡು ಕಾಲ ಇದೆ: ಆನೆ ಅಲ್ಲಿದ್ದ ಕಾಲ ಒಂದು, ಸುದ್ದಿ ಇವರನ್ನು ತಲುಪಿದ ಕಾಲ ಇನ್ನೊಂದು. ಡೇಟಾಬೇಸ್ ಶಾಸ್ತ್ರದಲ್ಲೂ ಈ ಎರಡಕ್ಕೆ ಬೇರೆ ಬೇರೆ ಕಲಂ ಇಡುವ ಪದ್ಧತಿ ಇದೆ, ಘಟನೆ ನಿಜವಾಗಿದ್ದ ಹೊತ್ತು ಮತ್ತು ಅದು ದಾಖಲೆಗೆ ಸೇರಿದ ಹೊತ್ತು. ನಾವು ಆಡುವ ಮಾತಿನಲ್ಲಿ ಎರಡು ಅಕ್ಷರದ ಪ್ರತ್ಯಯ ಮಾಡುವ ಕೆಲಸವನ್ನು ಅಲ್ಲಿ ಪ್ರತ್ಯೇಕ ಏರ್ಪಾಡಾಗಿ ಕಟ್ಟಬೇಕಾಯಿತು. ವಾಟ್ಸ್ಆ್ಯಪ್ಪಿಗೆ ಬರುವ ಹೊತ್ತಿಗೆ ಎರಡೂ ಕಳೆದುಹೋಗಿವೆ.

ಮೂರನೆಯದು ಸರಳರೇಖೆ. ಇಲ್ಲಿ ಸ್ವಲ್ಪ ನಿಲ್ಲಬೇಕು.

ಕರ್ನಾಟಕದಲ್ಲಿ ಹಾಸನ, ಕೊಡಗಿನ ಕಡೆ ಆನೆಗಳಿಗೆ ರೇಡಿಯೊ ಕಾಲರ್ ಹಾಕಿ ಅವುಗಳ ಜಾಗ ತಿಳಿಯುವ ಕೆಲಸ ನಡೆದಿದೆ. ಕಾಲರ್ ಎಡೆಬಿಡದೆ ಮಾತಾಡುವುದಿಲ್ಲ. ಬ್ಯಾಟರಿ ಉಳಿಯಬೇಕಾದರೆ ಅದು ಗಂಟೆಗೋ ಕೆಲವು ಗಂಟೆಗೋ ಒಮ್ಮೆ ಜಿಪಿಎಸ್ ಬಿಂದು ಹಿಡಿಯಬೇಕು. ಹೆಚ್ಚು ಸಲ ಹಿಡಿದಷ್ಟೂ ಬೇಗ ಸಾಯುತ್ತದೆ. ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಸಂಜೆ 6ಕ್ಕೆ ಒಂದು ಬಿಂದು ಬಂತು. ರಾತ್ರಿ 10ಕ್ಕೆ ಇನ್ನೊಂದು ಬಂತು. ಎರಡರ ನಡುವೆ 6 ಕಿಲೋಮೀಟರ್. ‘8 ಗಂಟೆಗೆ ಆನೆ ಎಲ್ಲಿತ್ತು?’ ಎಂದು ಕೇಳಿದರೆ ಸರಳರೇಖೆಯ ಡೇಟಾಬೇಸ್ ತಡವರಿಸದೆ ಹೇಳುತ್ತದೆ: ಸರಿಯಾಗಿ ನಡುವೆ, 3 ಕಿಲೋಮೀಟರಿನಲ್ಲಿ. ಗಂಟೆಗೆ ಒಂದೂವರೆ ಕಿಲೋಮೀಟರಿನಂತೆ ಆನೆ ಹಗ್ಗ ಹಿಡಿದ ಹಾಗೆ ನೇರ ನಡೆಯಿತು. ಆ ನಡುಬಿಂದು ಕೆರೆಯ ಮಧ್ಯೆ ಬಿದ್ದರೂ, ಯಾರದೋ ಮನೆಯ ಹಟ್ಟಿಯಲ್ಲಿ ಬಿದ್ದರೂ ಅದಕ್ಕೆ ಸಂಕೋಚವಿಲ್ಲ. ನಿಜದಲ್ಲಿ ಆನೆ ಮೂರು ಗಂಟೆ ಒಂದೇ ರಾಗಿ ಹೊಲದಲ್ಲಿ ಮೇಯುತ್ತಾ ನಿಂತು, ಪಟಾಕಿ ಹೊಡೆದ ಮೇಲೆ ಒಂದು ಗಂಟೆಯಲ್ಲಿ ಉಳಿದ ದಾರಿ ಮುಗಿಸಿರಬಹುದು. ಆ ಮೂರು ಗಂಟೆಯೇ ಒಂದು ಕುಟುಂಬದ ವರ್ಷದ ಕತೆ. ರೇಖೆಯಲ್ಲಿ ಅದಕ್ಕೆ ಜಾಗವಿಲ್ಲ.

ಶಾಸ್ತ್ರಕ್ಕೆ ಇದು ಗೊತ್ತಿಲ್ಲದ್ದಲ್ಲ, ಅದಕ್ಕೆ ಅನ್ಯಾಯ ಮಾಡಬಾರದು. ಡೀಟರ್ ಫೋಸರ್ ಮತ್ತು ಕ್ರಿಶ್ಚಿಯನ್ ಯೆನ್ಸನ್ 1999ರಲ್ಲೇ ಇದಕ್ಕೆ ಪರಿಹಾರ ಹೇಳಿದ್ದಾರೆ. ವಸ್ತುವಿನ ಗರಿಷ್ಠ ವೇಗ ಗೊತ್ತಿದ್ದರೆ ಎರಡು ಬಿಂದುಗಳ ನಡುವೆ ಅದು ಎಲ್ಲೆಲ್ಲಿ ಇದ್ದಿರಲು ಸಾಧ್ಯ ಅನ್ನುವುದು ಒಂದು ಅಂಡಾಕಾರವಾಗುತ್ತದೆ. ನಮ್ಮ ಉದಾಹರಣೆಗೇ ಹಾಕಿ ನೋಡೋಣ. ಆನೆಯ ವೇಗದ ಮಿತಿ ಗಂಟೆಗೆ 5 ಕಿಲೋಮೀಟರ್ ಎಂದಿಟ್ಟುಕೊಂಡರೆ 4 ಗಂಟೆಯಲ್ಲಿ 20 ಕಿಲೋಮೀಟರ್ ನಡೆಯಬಹುದು. ಹಾಗಾದರೆ ಆ ಅಂಡಾಕಾರದ ಉದ್ದ 20 ಕಿಲೋಮೀಟರ್, ಅಗಲ ಸುಮಾರು 19. ಒಟ್ಟು ಸುಮಾರು 300 ಚದರ ಕಿಲೋಮೀಟರ್. ನಮ್ಮ ಕಡೆ ಆ ವಿಸ್ತಾರದೊಳಗೆ ಎಷ್ಟು ಹಳ್ಳಿ, ಎಷ್ಟು ಶಾಲೆ ಎಂದು ಲೆಕ್ಕ ಹಾಕಿಕೊಳ್ಳಿ.

ಇಲ್ಲಿ ನನಗೆ ಕಾಣುವ ಬಿಕ್ಕಟ್ಟು ಇದು. ಡೇಟಾಬೇಸ್ ಕೊಡುವ ಒಂದು ಉತ್ತರ ದಾರದಷ್ಟು ತೆಳು, ಸುಳ್ಳು. ಇನ್ನೊಂದು ಉತ್ತರ ತಾಲ್ಲೂಕಿನಷ್ಟು ದಪ್ಪ, ನಿಜ, ಆದರೆ ಯಾರಿಗೂ ಕೆಲಸಕ್ಕೆ ಬಾರದ್ದು. ಕಣದಲ್ಲಿ ಮಲಗಬೇಕೋ ಬೇಡವೋ ಎಂದು ಕೇಳಿದ ರೈತನಿಗೆ ‘ನಿಮ್ಮ ತಾಲ್ಲೂಕಿನಲ್ಲಿ ಎಲ್ಲಿ ಬೇಕಾದರೂ ಇರಬಹುದು’ ಅನ್ನುವುದು ಉತ್ತರವಲ್ಲ. ಅವನು ಅದನ್ನು ಕೇಳುವುದಕ್ಕೆ ಮುಂಚೆಯೂ ಬಲ್ಲ.

ಈ ‘ಇರಬಹುದು’ವನ್ನು ಅವರು ಸಣ್ಣದಾಗಿ ಬಿಟ್ಟಿಲ್ಲ. ಗೋಚೆ ಟ್ರಾಯ್ಚೆವ್‌ಸ್ಕಿ, ವುಲ್ಫ್‌ಸನ್ ಮತ್ತು ಜೊತೆಗಾರರ 2004ರ ಪ್ರಬಂಧದಲ್ಲಿ ‘ಸಾಧ್ಯವಾಗಿ’, ‘ಖಂಡಿತವಾಗಿ’, ‘ಒಮ್ಮೆಯಾದರೂ’, ‘ಸದಾ’ ಎಂಬ ನಾಲ್ಕು ಮಾತುಗಳನ್ನು ಜೋಡಿಸಿ ಪ್ರಶ್ನೆಗಳನ್ನು ಕಟ್ಟಿದ್ದಾರೆ. ಜೋಡಣೆಯ ಕ್ರಮ ಬದಲಾದರೆ ಅರ್ಥ ಬದಲಾಗುತ್ತದೆ. ಕನ್ನಡದಲ್ಲಿ ಹೇಳಿ ನೋಡಿದಾಗ ನನಗೆ ಅದು ಚೆನ್ನಾಗಿ ತಿಳಿಯಿತು. ‘ರಾತ್ರಿಯಿಡೀ ಆನೆ ಹೊಲದಲ್ಲೇ ಇದ್ದಿರಬಹುದು’ ಅನ್ನುವುದು ಒಂದು. ‘ರಾತ್ರಿಯ ಯಾವ ಗಳಿಗೆ ತೆಗೆದುಕೊಂಡರೂ ಆಗ ಆನೆ ಹೊಲದಲ್ಲಿ ಇದ್ದಿರಬಹುದು’ ಅನ್ನುವುದು ಇನ್ನೊಂದು. ಮೊದಲನೆಯದರಲ್ಲಿ ಒಂದೇ ಒಂದು ಕತೆ ಇಡೀ ರಾತ್ರಿಗೆ ಸಾಲಬೇಕು. ಎರಡನೆಯದರಲ್ಲಿ ಗಳಿಗೆಗೊಂದು ಕತೆ ಇದ್ದರೂ ಆಯಿತು. ಇಷ್ಟು ನಯವಾಗಿ ‘ಸಾಧ್ಯತೆ’ಯನ್ನು ಬಿಡಿಸಿದ ಬರಹವನ್ನು ನಮ್ಮ ನಿರೂಪಣಾಶಾಸ್ತ್ರದ ತರಗತಿಯಲ್ಲೂ ಓದಿಸಬಹುದು ಅಂತ ನಾನು ಗಂಭೀರವಾಗಿಯೇ ಹೇಳುತ್ತಿದ್ದೇನೆ.

ಆದರೂ ಒಂದು ಕೊರತೆ ಇದೆ, ನನ್ನ ಪ್ರಬಂಧದ ಮುಖ್ಯ ಮಾತು ಅದೇ. ಇವರ ‘ಸಾಧ್ಯವಾಗಿ’ ಎಲ್ಲ ಕಡೆಯೂ ಕನ್ನಡದ ‘-ಬಹುದು’. ಕನ್ನಡದಲ್ಲಿ ಅದರ ಪಕ್ಕದಲ್ಲೇ ಇನ್ನೊಂದು ರೂಪ ಇದೆ. ಶಾಲೆಯ ವ್ಯಾಕರಣದಲ್ಲಿ ವಿಧ್ಯರ್ಥ, ನಿಷೇಧಾರ್ಥ, ಸಂಭಾವನಾರ್ಥ ಎಂದು ಉರುಹೊಡೆದಿದ್ದೇವೆ: ಬಂದಾನು, ಬಂದಾಳು, ಬಂದೀತು. ಸಂಶಯ ಅಥವಾ ಊಹೆಯನ್ನು ಸೂಚಿಸುತ್ತದೆ ಎಂದು ಅಲ್ಲಿ ಒಂದು ಸಾಲಿನ ವಿವರಣೆ. ಪರೀಕ್ಷೆಗೆ ಅಷ್ಟು ಸಾಕಾಗಿತ್ತು. ಆದರೆ ‘ಮಳೆ ಬರಬಹುದು’ ಮತ್ತು ‘ಮಳೆ ಬಂದೀತು’ ಎರಡೂ ಒಂದೇ ಊಹೆಯಾ? ‘ಮಳೆ ಬರಬಹುದು’ ಅಂತ ಸುಮ್ಮನೆ ಆಕಾಶ ನೋಡಿ ಯಾರು ಬೇಕಾದರೂ ಹೇಳಬಹುದು. ‘ಮಳೆ ಬಂದೀತು’ ಅಂದಾಗ ಅಂಗಳದಲ್ಲಿ ಏನೋ ಒಣಹಾಕಿದ್ದಾರೆ. ಮಗುವಿಗೆ ‘ನೀನು ಬೀಳಬಹುದು’ ಅಂತ ಯಾರೂ ಕೂಗುವುದಿಲ್ಲ, ‘ಬಿದ್ದೀಯ!’ ಅನ್ನುತ್ತೇವೆ. ಈ ರೂಪದಲ್ಲಿ ಸಂಭವದ ಅಳತೆ ಮಾತ್ರ ಇಲ್ಲ; ಯಾರ ಮೇಲೆ ಬಂದೀತು ಅನ್ನುವುದು ಇದೆ, ಈಗಲೇ ಏನೋ ಮಾಡು ಅನ್ನುವುದು ಇದೆ. ಸಂಭವ ಕಡಿಮೆ ಇದ್ದಾಗಲೂ ಇದನ್ನು ಬಳಸುತ್ತೇವೆ, ಏಕೆಂದರೆ ಕೆಡುಕು ದೊಡ್ಡದು. ಸಂಭಾವನಾರ್ಥದ ಎಲ್ಲ ಬಳಕೆಯೂ ಹೀಗೇ ಅಂತ ನಾನು ಸಾಧಿಸುತ್ತಿಲ್ಲ. ‘ಅವನು ಬಂದಾನು, ಕಾಯಿ’ ಅನ್ನುವಲ್ಲಿ ಭರವಸೆಯೂ ಇದೆ. ಭಯವೋ ಭರವಸೆಯೋ, ಆಡುವವರ ಮನಸ್ಸು ಆ ಘಟನೆಗೆ ಅಂಟಿಕೊಂಡಿರುತ್ತದೆ ಅನ್ನುವಷ್ಟು ಹೇಳಬಹುದು.

ಆನೆ ಬಂದೀತು. ಇದನ್ನು ಡೇಟಾಬೇಸಿನ ಭಾಷೆಗೆ ತಿರುಗಿಸಲು ಪ್ರಯತ್ನಿಸಿದರೆ ಏನು ಸಿಗುತ್ತದೆ? ‘ಮುಂದಿನ 6 ಗಂಟೆಯಲ್ಲಿ ಈ ವಲಯದೊಳಗೆ ಒಮ್ಮೆಯಾದರೂ ಇರುವುದು ಸಾಧ್ಯ.’ ಇಷ್ಟರಲ್ಲಿ ಆನೆ ಇದೆ, ವಲಯ ಇದೆ, ಹೊತ್ತು ಇದೆ. ಕಣದಲ್ಲಿ ಕೂತವನು ಇಲ್ಲ. ಅವನ ಮೆದೆ ಇನ್ನೂ ಬಯಲಲ್ಲಿದೆಯೋ ಮನೆಗೆ ಸಾಗಿದೆಯೋ ಅನ್ನುವುದು ಇಲ್ಲ. ನಾನು ಓದಿದ ಮಟ್ಟಿಗೆ ಈ ಸಾಹಿತ್ಯದಲ್ಲಿ ಪ್ರಶ್ನೆ ಕೇಳುವವರಿಗೆ ಮೈ ಇಲ್ಲ. ಪ್ರಶ್ನೆ ಎಲ್ಲಿಂದಲೋ ಬರುತ್ತದೆ, ಉತ್ತರ ಎಲ್ಲಿಗೋ ಹೋಗುತ್ತದೆ.

ಕೇಳುವವರ ಬದಿಯಿಂದ ಯೋಚಿಸಿದ ಕೆಲಸಗಳೂ ಇವೆ. ತಮಿಳುನಾಡಿನ ವಾಲ್ಪಾರೈಯಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ಆನಂದ ಕುಮಾರ್ ಮತ್ತು ಸಂಗಡಿಗರು ಚಹಾ ತೋಟದ ಜನರಿಗೆ ಆನೆ ಹತ್ತಿರ ಇದೆ ಎಂದು ಮೊಬೈಲ್ ಸಂದೇಶ ಕಳಿಸುವ, ಕೆಂಪು ದೀಪ ಹೊತ್ತಿಸುವ ಏರ್ಪಾಡು ಮಾಡಿದರು. ಅಲ್ಲಿ ದೀಪ ಹೊತ್ತಿದರೆ ಅದು ಆನೆಯ ನಕ್ಷೆಯನ್ನು ತೋರಿಸುವುದಿಲ್ಲ. ಬಸ್ ಇಳಿದು ಮನೆಗೆ ನಡೆಯುವವರಿಗೆ ಎಚ್ಚರ ಹೇಳುತ್ತದೆ. ಆ ಕೆಂಪು ದೀಪ ‘ಬಂದೀತು’ ಅನ್ನುತ್ತದೆ ಅಂತ ನನಗನ್ನಿಸಿತು.

ಕೇಳುವವರು ಬದಲಾದರೆ ನಾಯಕನೂ ಬದಲಾಗುತ್ತಾನೆ. ಈ ಕ್ಷೇತ್ರದಲ್ಲಿ ವ್ಯವಸ್ಥೆಗಳನ್ನು ಪರೀಕ್ಷಿಸಲು ಗ್ಯುಟಿಂಗ್ ತಂಡ 2009ರಲ್ಲಿ ಪ್ರಕಟಿಸಿದ ‘ಬರ್ಲಿನ್‌ಮಾಡ್’ ಎಂಬ ಕೃತಕ ದತ್ತಾಂಶ ಇದೆ. ಬರ್ಲಿನ್ ನಗರದ ರಸ್ತೆಗಳ ಮೇಲೆ 2000 ವಾಹನಗಳು 28 ದಿನ ಓಡಾಡಿದಂತೆ ಕಲ್ಪಿಸಿದ್ದು. ಪ್ರತಿ ವಾಹನಕ್ಕೂ ಒಂದು ಮನೆ, ಒಂದು ಕೆಲಸದ ಜಾಗ. ಬೆಳಿಗ್ಗೆ ಹೋಗುತ್ತದೆ, ಸಂಜೆ ಬರುತ್ತದೆ, ಬಿಡುವಿನಲ್ಲಿ ಅಲ್ಲಿ ಇಲ್ಲಿ ಸುತ್ತುತ್ತದೆ. ಆ ಲೋಕದ ಕಥಾನಾಯಕ ಸಂಬಳದ ನೌಕರ. ಹೊಸೂರಿನಿಂದ ದಿನಾ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿಬರುವ ನಮ್ಮ ಅಣ್ಣಂದಿರನ್ನು ಆ ಕೋಷ್ಟಕದಲ್ಲಿ ಹಾಗೇ ಕೂರಿಸಬಹುದು. ಆನೆಯನ್ನು ಕೂರಿಸಲು ಆಗುವುದಿಲ್ಲ. ಅದಕ್ಕೆ ಮನೆ ಅನ್ನುವ ಒಂದು ಬಿಂದು ಇಲ್ಲ, ರಸ್ತೆಯ ಜಾಲವನ್ನು ಅದು ಹಿಡಿಯುವುದಿಲ್ಲ, ಅಡ್ಡ ದಾಟುತ್ತದೆ.

‘ಆನೆ ನಡೆದದ್ದೇ ದಾರಿ’ ಅಂತ ಗಾದೆ ಇದೆಯಲ್ಲ, ಹಾಗಾದರೆ ಗಾದೆಯೇ ಸರಿಯಾ ಅಂತ ನೀವು ಕೇಳಬಹುದು. ನನಗೆ ಗಾದೆಯ ಮೇಲೂ ಪೂರ್ತಿ ನಂಬಿಕೆ ಇಲ್ಲ. ಅದು ಆನೆಯ ಬಗ್ಗೆ ಆಡಿದ ಮಾತೇ ಅಲ್ಲ, ಬಲ ಇದ್ದವರ ಬಗ್ಗೆ ಆಡಿದ್ದು. ಆನೆಗೆ ದಾರಿ ಇದೆ, ಹಳೆಯ ದಾರಿ. ಕಾಡಂಚಿನವರು ಯಾವ ಹಳ್ಳದಲ್ಲಿ ಇಳಿಯುತ್ತವೆ, ಯಾವ ಕೆರೆಗೆ ಬರುತ್ತವೆ ಎಂದು ಹೇಳಬಲ್ಲರು. ಆ ದಾರಿ ಮುಚ್ಚಿದಾಗ ಅವು ಹೊಸ ದಾರಿ ಹುಡುಕುತ್ತವೆ. 1980ರ ದಶಕದಲ್ಲಿ ಈ ಭಾಗದ ಆನೆಗಳು ಪೂರ್ವಕ್ಕೆ ಸರಿದು ಚಿತ್ತೂರು ಜಿಲ್ಲೆ ಸೇರಿದವು. 1990ರಲ್ಲಿ ಅಲ್ಲಿ ಕೌಂಡಿನ್ಯ ವನ್ಯಜೀವಿ ಧಾಮವೇ ಆಯಿತು. ಗಾದೆಯನ್ನು ನಂಬಿದರೆ ಆನೆಗೆ ದಾರಿ ಬಿಡಬೇಕಾದ ಅಗತ್ಯವೇ ಇರುವುದಿಲ್ಲ, ಹೇಗೂ ಅದು ನಡೆದದ್ದೇ ದಾರಿಯಲ್ಲ! ಬಡಾವಣೆ ಮಾಡುವವರಿಗೆ ಬಹಳ ಅನುಕೂಲದ ಗಾದೆ.

ಡೇಟಾಬೇಸಿನ ಪರವಾಗಿ ಒಂದು ಮಾತು ಹೇಳಬೇಕು. ನಾನು ಈವರೆಗೆ ‘ಆನೆ ಬರುತ್ತದೆ’ ಅಂತಲೇ ಹೇಳಿದ್ದೇನೆ. ಕನ್ನಡದಲ್ಲಿ ಚಲನೆಯನ್ನು ಹೇಳಹೊರಟರೆ ಬಹಳ ಸಲ ‘ಬರು’, ‘ಹೋಗು’ ಎರಡರಲ್ಲಿ ಒಂದನ್ನು ಹಿಡಿಯಬೇಕಾಗುತ್ತದೆ, ಅಂದರೆ ಹೇಳುವವರು ಒಂದು ಕಡೆ ನಿಲ್ಲಬೇಕು. ಆನೇಕಲ್ಲಿನವರಿಗೆ ಹೋದ ಆನೆಯೇ ನಮಗೆ ಬಂದ ಆನೆ. ಬಂದದ್ದು ಅಂದ ಕೂಡಲೇ ಅದು ಹೊರಗಿನದು. ‘ಕರ್ನಾಟಕದಿಂದ ಬಂದ ಆನೆಗಳು’ ಅನ್ನುವ ಮಾತು ನಮ್ಮಲ್ಲಿ ಸಾಮಾನ್ಯ. ಹೊಸೂರು ಕಡೆಯ ಕನ್ನಡದವರಿಗೆ ಈ ಕ್ರಿಯಾಪದದ ಬಿಸಿ ಗೊತ್ತು. ‘ನೀವು ಕರ್ನಾಟಕದಿಂದ ಯಾವಾಗ ಬಂದಿರಿ?’ ಅಂತ ನನ್ನನ್ನೂ ಕೇಳಿದ್ದಾರೆ, ತಲೆಮಾರುಗಳಿಂದ ಇದೇ ಮಣ್ಣಿನಲ್ಲಿ ರಾಗಿ ಬೆಳೆದ ಮನೆಯವಳನ್ನು. ಡೇಟಾಬೇಸಿನಲ್ಲಿ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಇಂಥ ಹೊತ್ತಿಗೆ ಇಂಥಲ್ಲಿ ಇತ್ತು, ಅಷ್ಟೇ. ಅಲ್ಲಿ ಯಾವ ಆನೆಯೂ ಪರದೇಶಿಯಲ್ಲ.

ಅಷ್ಟೇ ಅಲ್ಲ, ಗ್ಯುಟಿಂಗ್ ಅವರ ವ್ಯಾಕರಣದಲ್ಲಿ ಚಲಿಸುವ ಬಿಂದುವಿನ ಜೊತೆಗೆ ಚಲಿಸುವ ಪ್ರದೇಶ ಅನ್ನುವ ಬಗೆಯೂ ಇದೆ. ಚಂಡಮಾರುತದ ಹಾಗೆ, ಕಾಡ್ಗಿಚ್ಚಿನ ಹಾಗೆ ಆಕಾರ ಬದಲಿಸುತ್ತಾ ಸರಿಯುವಂಥದ್ದು. ಅದನ್ನು ನಮ್ಮ ಊರಿಗೆ ಹಾಕಿ ನೋಡಿ. ಕೃಷ್ಣಗಿರಿ ಸೇರಿದ ಬಾರಾಮಹಲ್ 1792ರಲ್ಲಿ ಟಿಪ್ಪುವಿನ ಕೈಯಿಂದ ಕಂಪನಿಗೆ ಹೋಯಿತು. ಹೊಸೂರು ಸೇಲಂ ಜಿಲ್ಲೆಯಲ್ಲಿತ್ತು, 1965ರಲ್ಲಿ ಧರ್ಮಪುರಿ ಜಿಲ್ಲೆಗೆ ಸೇರಿತು, 2004ರಲ್ಲಿ ಕೃಷ್ಣಗಿರಿ ಜಿಲ್ಲೆಗೆ ಸೇರಿತು. ‘ಸೇರಿತು’ ಅನ್ನುತ್ತೇವೆ, ಊರೇ ಎದ್ದು ನಡೆದ ಹಾಗೆ. ಡೇಟಾಬೇಸ್ ಇದನ್ನು ಸರಿಯಾಗಿ ಬರೆಯುತ್ತದೆ: ಬಿಂದು ಕದಲಲಿಲ್ಲ, ಪ್ರದೇಶ ಅದರ ಮೇಲೆ ಹಾದುಹೋಯಿತು. ನಮ್ಮ ಬಗ್ಗೆ ಇಷ್ಟು ನ್ಯಾಯವಾಗಿ ಬರೆದ ವಾಕ್ಯವನ್ನು ನಾನು ಗಡಿನಾಡ ಸಾಹಿತ್ಯದ ಚರ್ಚೆಗಳಲ್ಲಿ ಅಪರೂಪಕ್ಕೆ ಕಂಡಿದ್ದೇನೆ.

ಸಂವಾದದಿಂದ

ಚಾಟ್‌ನಲ್ಲಿ ಎರಡು ಪ್ರಶ್ನೆ ಬಂದಿದ್ದವು, ಅವನ್ನೂ ಉತ್ತರದೊಂದಿಗೆ ಇಲ್ಲಿ ಸೇರಿಸಿದ್ದೇನೆ.

ಒಬ್ಬ ಗೆಳೆಯನ ಪ್ರಶ್ನೆ: ‘ಬಂದೀತು’ ಅನ್ನುವ ಶಕ್ತಿ ಕನ್ನಡಕ್ಕೆ ಮಾತ್ರ ಇದೆ ಅಂತ ಹೇಳ್ತಿದ್ದೀರಾ? ಇಲ್ಲ. ನಮ್ಮ ಬೀದಿಯಲ್ಲೇ ತಮಿಳು ಅಮ್ಮ ಮಗುವಿಗೆ ‘ವಿಳುಂದುಡಪ್ಪೋರೆ’ ಅಂತ ಕೂಗುತ್ತಾರೆ. ಅಕ್ಷರಾರ್ಥಕ್ಕೆ ‘ನೀನು ಬೀಳಲಿದ್ದೀಯೆ’ ಅಂತ ಆಗುತ್ತದೆ, ಆದರೆ ಕೂಗಿನ ಅರ್ಥ ‘ಬಿದ್ದೀಯ’. ತಮಿಳು ಅದನ್ನು ಭವಿಷ್ಯದ ರಚನೆಯಿಂದ ಮಾಡುತ್ತದೆ, ಕನ್ನಡ ಬೇರೆ ರೂಪವನ್ನೇ ಇಟ್ಟುಕೊಂಡಿದೆ. ಹೊಸೂರಿನಂಥ ಕಡೆ ಎಚ್ಚರಿಕೆಯ ಸಂದೇಶವನ್ನು ಎರಡೂ ಭಾಷೆಯಲ್ಲಿ, ತೆಲುಗಿನಲ್ಲೂ, ಬರೆಯಬೇಕಾಗುತ್ತದೆ. ಆಗ ‘ವರಲಾಂ’ ಅಂತ ಬರೆದು ಅದನ್ನು ‘ಬರಬಹುದು’ ಅಂತ ತಿರುಗಿಸಿದರೆ ಎರಡು ಭಾಷೆಯಲ್ಲೂ ಎಚ್ಚರಿಕೆ ಸತ್ತಿರುತ್ತದೆ.

ಅಧ್ಯಾಪಕರೊಬ್ಬರ ಪ್ರಶ್ನೆ: ಕ್ರಿಯಾಪದ ಬದಲಿಸಿದರೆ ಆನೆ ನಿಲ್ಲುತ್ತದೆಯೇನಮ್ಮ? ನಿಲ್ಲುವುದಿಲ್ಲ ಸರ್. ಆದರೆ ಸಂದೇಶ ಬರೆಯುವವರು ‘ಬಂದೀತು’ ಅನ್ನಬೇಕಾದರೆ ಮೂರು ವಿಷಯ ತಿಳಿದುಕೊಳ್ಳಲೇಬೇಕಾಗುತ್ತದೆ: ಕೊನೆಯ ಸಲ ಕಂಡದ್ದು ಎಷ್ಟು ಹೊತ್ತಿಗೆ, ಕಂಡವರು ಯಾರು, ಈಗ ಯಾವ ಊರಿನ ಬೆಳೆ ಇನ್ನೂ ಹೊರಗಿದೆ. ಮೊದಲೆರಡಕ್ಕೆ ಡೇಟಾಬೇಸಿನಲ್ಲಿ ಆಗಲೇ ಕಲಂ ಇಡಬಹುದು. ಮೂರನೆಯದು ಯಾವ ಕಾಲರಿನಿಂದಲೂ ಬರುವುದಿಲ್ಲ, ಊರವರನ್ನು ಕೇಳಿ ಬರೆದುಕೊಳ್ಳಬೇಕು. ಕೊಯ್ಲಾದ ಹೊಲವನ್ನು ಪಟ್ಟಿಯಿಂದ ತೆಗೆಯುತ್ತಾ ಹೋದರೆ ಆ 300 ಚದರ ಕಿಲೋಮೀಟರಿನಲ್ಲಿ ಎಚ್ಚರಿಸಬೇಕಾದ ಊರುಗಳು ವಾರದಿಂದ ವಾರಕ್ಕೆ ಕಡಿಮೆಯಾಗುತ್ತವೆ. ಜನವರಿ ಹೊತ್ತಿಗೆ ನಾಲ್ಕೈದು ಕಣ ಉಳಿದಿದ್ದರೆ ಆ ನಾಲ್ಕೈದು ಮನೆಗೆ ಫೋನ್ ಮಾಡಿಯೇ ಹೇಳಬಹುದು.